ಬಣ್ಣದ ವೇಷಕ್ಕೆ ಬೆಚ್ಚಿದ ಮಗು: ತೀರ್ಥಹಳ್ಳಿ ಸೀಮೆಯ ಒಂದು ಪ್ರಕರಣ

ತೀರ್ಥಹಳ್ಳಿ ಸೀಮೆಯ ಒಂದು ಅಡಿಕೆ ತೋಟದ ಮನೆ. ಮೂರು ವರ್ಷ ಎಂಟು ತಿಂಗಳ ಹೆಣ್ಣು ಮಗು. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಯ್ಯ, ಅಜ್ಜಿ, ಚಿಕ್ಕಪ್ಪ. ರಜೆ ಬಂತೆಂದರೆ ಏಳು ವರ್ಷದ ಅತ್ತೆ ಮಗನೂ ಸೇರಿಕೊಳ್ಳುತ್ತಾನೆ. ಮಗುವನ್ನು ಇಲ್ಲಿ ಪುಟ್ಟಿ ಎಂದು ಕರೆಯೋಣ. ಯಾವೊಂದು ಮನೆಯ ಗುರುತೂ ಸಿಗಬಾರದೆಂದು, ಇಂಥ ಹಲವು ಮನೆಗಳಲ್ಲಿ ಕಾಣುವ ಸಂಗತಿಗಳನ್ನು ಈ ಒಂದು ಮಗುವಿನ ಸುತ್ತ ಹೆಣೆದಿದ್ದೇವೆ.

ಜನವರಿಯಲ್ಲಿ ಊರಿನ ಕೊಯ್ಲಾದ ಗದ್ದೆಯಲ್ಲಿ ಹರಕೆ ಆಟ, ಅಂದರೆ ಹರಕೆ ಹೊತ್ತವರು ಆಡಿಸುವ ಯಕ್ಷಗಾನ ಬಯಲಾಟ, ಇತ್ತು. ಹತ್ತು ಗಂಟೆಗೆಲ್ಲ ಪುಟ್ಟಿ ಅಜ್ಜಿಯ ತೊಡೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದಳು. ಒಂದು ಗಂಟೆ ಸುಮಾರಿಗೆ ಮಹಿಷಾಸುರನ ಪ್ರವೇಶ. ಮುಖ ತುಂಬ ಬಣ್ಣ ಮೆತ್ತಿದ ಇಂಥ ರಾಕ್ಷಸ ಪಾತ್ರಕ್ಕೆ ಬಣ್ಣದ ವೇಷ ಎನ್ನುತ್ತಾರೆ. ಈ ವೇಷ ಉಳಿದವರಂತೆ ನೇರ ರಂಗಸ್ಥಳಕ್ಕೆ ಬರುವುದಿಲ್ಲ. ಜನ ಕೂತಿರುವ ಕಡೆ ಹಿಂದಿನಿಂದ, ದೀವಟಿಗೆಯ ಬೆಂಕಿಗೆ ರಾಳ ಎರಚಿ ಭುಗಿಲೆಬ್ಬಿಸುತ್ತ, ಅಬ್ಬರಿಸುತ್ತ ಜನರ ನಡುವೆಯೇ ನುಗ್ಗಿ ಬರುತ್ತದೆ. ದೊಡ್ಡವರು ಕಾದು ಕೂತಿರುವುದೇ ಆ ಗಳಿಗೆಗೆ. ಪುಟ್ಟಿ ಕಣ್ಣು ಬಿಟ್ಟಾಗ ಕಂಡದ್ದು ಕೋಡು, ಬೆಂಕಿ, ಬಣ್ಣ ಮೆತ್ತಿದ ಮುಖ. ಕಿವಿಗೆ ಬಿದ್ದದ್ದು ಚೆಂಡೆ. ಅಳು ಶುರುವಾದಾಗ ಸುತ್ತಲಿದ್ದವರು ನಕ್ಕರು. ಮನೆಗೆ ಎತ್ತಿಕೊಂಡು ಬಂದ ಮೇಲೂ ಮುಕ್ಕಾಲು ಗಂಟೆ ಮೈ ನಡುಗುತ್ತಿತ್ತು.

ಮಾರ್ಚ್ ಹೊತ್ತಿಗೆ ಭಯ ಆಟದ ಗದ್ದೆಯನ್ನು ದಾಟಿ ಬೇರೆ ಕಡೆಗೂ ಹಬ್ಬಿತ್ತು. ತರಕಾರಿ ಹಿತ್ತಲಿನ ಬೆರ್ಚಪ್ಪನ (ಬೆದರುಬೊಂಬೆಯ) ಕಡೆ ಹೋಗುವುದಿಲ್ಲ. ಹೆಲ್ಮೆಟ್ ಹಾಕಿದವರು ಅಂಗಳಕ್ಕೆ ಬಂದರೆ ಅಡುಗೆಮನೆ ಸೇರುತ್ತಾಳೆ. ತಲೆಯಿಂದ ಮೈ ಮುಚ್ಚುವ ಕಂಬಳಿಕೊಪ್ಪೆ ಹಾಕಿದ ಆಳನ್ನು ಕಂಡು ಕಿರುಚಿದ್ದಾಳೆ. ಶಿವಮೊಗ್ಗದಲ್ಲಿ ಅಂಗಡಿಯೊಂದರ ಮುಂದೆ ಕರಡಿಯ ಬೊಂಬೆವೇಷ ಹಾಕಿ ನಿಂತವರನ್ನು ನೋಡಿ ಅಪ್ಪನ ಕುತ್ತಿಗೆಯಲ್ಲಿ ಉಗುರಿನ ಗುರುತು ಮೂಡುವಷ್ಟು ಗಟ್ಟಿ ಹಿಡಿದಿದ್ದಾಳೆ. ವಾರಕ್ಕೆ ಮೂರು ನಾಲ್ಕು ರಾತ್ರಿ ಏಳುತ್ತಾಳೆ. ಅಂಗನವಾಡಿಯಲ್ಲಿ ಛದ್ಮವೇಷದ ತಯಾರಿ ಶುರುವಾದ ದಿನದಿಂದ ಅಲ್ಲಿಗೂ ಹೋಗಲೊಲ್ಲಳು. ಅಮ್ಮನನ್ನು ಹೆಚ್ಚು ಕಂಗೆಡಿಸಿದ್ದು ಈ ಕೊನೆಯದೇ.

ಮನೆಯವರು ಮೊದಲು ಮಾಡಿದ್ದು

ಮನೆಯವರೇನು ಸುಮ್ಮನೆ ಕೂತಿರಲಿಲ್ಲ. ಎರಡು ತಿಂಗಳಲ್ಲಿ ಐದು ಬಗೆಯ ಪ್ರಯತ್ನ ನಡೆದಿತ್ತು. ಅವು ಯಾಕೆ ಕೈಹಿಡಿಯಲಿಲ್ಲ ಎಂಬುದು ತಿಳಿದರೆ ಮುಂದಿನ ದಾರಿ ಅರ್ಧ ತಿಳಿದ ಹಾಗೆ.

ಅಪ್ಪ ಮೊಬೈಲಿನಲ್ಲಿ ಅದೇ ಪ್ರವೇಶದ ವಿಡಿಯೊ ಹಾಕಿ ತೋರಿಸಿದರು, ನೋಡಿ ನೋಡಿ ರೂಢಿಯಾಗಲಿ ಎಂದು. ಆದರೆ ಪೂರ್ತಿ ಸದ್ದು, ಪೂರ್ತಿ ಮುಖ, ನಿಲ್ಲಿಸುವ ಗುಂಡಿ ಅಪ್ಪನ ಕೈಯಲ್ಲಿ. ಅರ್ಧ ನಿಮಿಷಕ್ಕೆ ಮಗು ಓಡಿತು. ಓಡಿದ ಕೂಡಲೇ ಎದೆಬಡಿತ ಇಳಿಯಿತು. "ಓಡಿದೆ, ಅದಕ್ಕೇ ಬದುಕಿದೆ" ಎಂಬ ಪಾಠ ಇನ್ನೊಮ್ಮೆ ಗಟ್ಟಿಯಾಯಿತು.

ಅಜ್ಜಯ್ಯ "ಅದೆಲ್ಲ ಸುಳ್ಳು ಕಣೇ, ಹೆದರ್ಬೇಡ" ಎಂದರು. ಮೂರೂವರೆ ವರ್ಷದ ಮಗುವಿಗೆ ಕಣ್ಣಿಗೆ ಕಂಡದ್ದೇ ನಿಜ. ಕಂಡದ್ದನ್ನು ಸುಳ್ಳು ಎಂದವರ ಮಾತಿನ ಮೇಲೆ ನಂಬಿಕೆ ಕಡಿಮೆಯಾಗುತ್ತದೆಯೇ ಹೊರತು ಭಯ ಕಡಿಮೆಯಾಗುವುದಿಲ್ಲ. ಇತ್ತ ಅಜ್ಜಿ ಊಟದ ಹೊತ್ತಿನಲ್ಲಿ "ತಿನ್ನದಿದ್ರೆ ಬಣ್ಣದ ವೇಷ ಕರೀತೀನಿ ನೋಡು" ಎನ್ನುತ್ತಿದ್ದರು. ಗುಮ್ಮನ ಹೆಸರು ಹೇಳಿ ಉಣ್ಣಿಸುವುದು ನಮ್ಮಲ್ಲಿ ತಲೆಮಾರಿನಿಂದ ಬಂದದ್ದು, ಅಜ್ಜಿಗೆ ಅದರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಒಂದೇ ಮನೆಯಲ್ಲಿ ಒಬ್ಬರು ವೇಷ ಸುಳ್ಳು ಅನ್ನುತ್ತಾರೆ, ಇನ್ನೊಬ್ಬರು ಕರೆದರೆ ಬರುತ್ತದೆ ಅನ್ನುತ್ತಾರೆ. ಮಗು ಹೆಚ್ಚು ಅಪಾಯ ಹೇಳಿದವರ ಮಾತನ್ನೇ ನಂಬುತ್ತದೆ.

ಶಿವಮೊಗ್ಗದ ಅಂಗಡಿಯ ಮುಂದೆ ಕರಡಿಯ ಕೈ ಮುಟ್ಟಿಸಲು ಮಗುವನ್ನು ಎತ್ತಿಕೊಂಡು ಹತ್ತಿರ ಹೋಗಿದ್ದು ನಾಲ್ಕನೆಯದು. ಎಲ್ಲದರಲ್ಲಿ ಹೆಚ್ಚು ಹಾನಿ ಮಾಡಿದ್ದು ಇದೇ. ಕಾಲು ನೆಲದ ಮೇಲಿಲ್ಲದ ಮಗುವಿಗೆ ಹಿಂದೆ ಸರಿಯುವ ದಾರಿಯೇ ಇಲ್ಲ. ಅಷ್ಟು ದಿನ ಸುರಕ್ಷಿತವಾಗಿದ್ದ ಅಪ್ಪನ ತೋಳೇ ಆ ಹೊತ್ತಿನಲ್ಲಿ ಬಲೆಯಾಯಿತು.

ಇದೆಲ್ಲ ಸೋತ ಮೇಲೆ ಎಲ್ಲವನ್ನೂ ತಪ್ಪಿಸುವುದು ಶುರುವಾಯಿತು. ಆಟದ ಗದ್ದೆ ಕಾಣದಂತೆ ಬೈಕನ್ನು ಸುತ್ತು ದಾರಿಯಲ್ಲಿ ಒಯ್ದರು. ಬೆರ್ಚಪ್ಪನನ್ನು ಕಿತ್ತು ಹಾಕಿದರು. ಚಿಕ್ಕಪ್ಪ ಹವ್ಯಾಸಿ ಕಲಾವಿದರು; ಅವರು ಗೆಜ್ಜೆ ಗಂಟನ್ನೇ ಅಟ್ಟಕ್ಕೆ ಸೇರಿಸಿದರು. ರಾತ್ರಿ ನಿದ್ದೆ ಸ್ವಲ್ಪ ಸುಧಾರಿಸಿತು, ಹಗಲಿನ ಭಯ ಹೆಚ್ಚಿತು. ಹೀಗೇ ಆಗಬೇಕು. ದೊಡ್ಡವರೂ ದಾರಿ ಬದಲಿಸುವುದನ್ನು ಕಂಡ ಮಗುವಿಗೆ ಅಲ್ಲಿ ಏನೋ ಇದೆ ಎಂಬುದು ಖಾತ್ರಿಯಾಗುತ್ತದೆ.

ಇದರ ನಡುವೆ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಿದ್ದರು. ಅದನ್ನು ನಿಲ್ಲಿಸಿ ಎಂದು ಹೇಳುವ ಅಗತ್ಯ ಕಾಣಲಿಲ್ಲ. ಅಜ್ಜಿಯ ಮನಸ್ಸು ಶಾಂತವಾದರೆ ಮಗುವಿಗೂ ಒಳ್ಳೆಯದೇ. ಮೆಣಸಿನ ಘಾಟು ಮಗುವಿನ ಮುಖಕ್ಕೆ ಬಡಿಯಬಾರದು, ಅಷ್ಟೆ. ಬೆಚ್ಚಿದ ಮಗುವಿಗೆ ಬರೆ ಹಾಕುವುದು, ಏನಾದರೂ ಭಸ್ಮ ನೆಕ್ಕಿಸುವುದು ಮಾತ್ರ ಯಾವ ಕಾರಣಕ್ಕೂ ಕೂಡದು ಎಂದು ಸ್ಪಷ್ಟವಾಗಿ ಹೇಳಬೇಕಾಯಿತು.

ಭಯ ಯಾವುದರದ್ದು?

"ವೇಷ ಕಂಡರೆ ಹೆದರುತ್ತಾಳೆ" ಎಂಬುದು ಮನೆಯವರ ಮಾತು. ಆದರೆ ವೇಷ ಒಂದೇ ವಸ್ತುವಲ್ಲ. ಅದರಲ್ಲಿ ಸದ್ದಿದೆ, ಎತ್ತರವಿದೆ, ಹೊಳಪಿದೆ, ಮುಚ್ಚಿದ ಮುಖವಿದೆ, ಕತ್ತಲೆಯಿದೆ. ಬಿಡಿಬಿಡಿಯಾಗಿ ನೋಡದೆ ಕೆಲಸ ಶುರುಮಾಡಿದರೆ ತಪ್ಪು ಜಾಗದಲ್ಲಿ ಶ್ರಮ ಹಾಕಿದ ಹಾಗೆ.

ಮೂರು ದಿನ, ಬೆಳಗಿನ ತಿಂಡಿಯಾದ ಮೇಲೆ, ಆಟದ ನಡುವೆಯೇ ಒಂದೊಂದನ್ನು ಪರೀಕ್ಷಿಸಲಾಯಿತು. ಪಕ್ಕದ ಕೋಣೆಯಿಂದ ಸಣ್ಣ ಸದ್ದಿನಲ್ಲಿ ಚೆಂಡೆ: ತಲೆ ಎತ್ತಿ ನೋಡಿದಳು, ಆಟ ಮುಂದುವರಿಸಿದಳು. ಗೆಜ್ಜೆ: ಕೈಗೆ ತೆಗೆದುಕೊಂಡು ಅಲ್ಲಾಡಿಸಿದಳು. ಚಿಕ್ಕಪ್ಪ ಬೆಂಚಿನ ಮೇಲೆ ನಿಂತು ಎತ್ತರವಾದರು: ನಕ್ಕಳು. ಕಿರೀಟವನ್ನು ಜಗಲಿಯ ಮೇಲೆ ಬರಿದೆ ಇಟ್ಟರು: ಹತ್ತು ಹೆಜ್ಜೆ ದೂರದಿಂದ ನೋಡಿದಳು. ಚಿಕ್ಕಪ್ಪ ಹೆಗಲ ಬೈರಾಸನ್ನು (ಟವೆಲನ್ನು) ಮುಖದ ಮೇಲೆ ಎಳೆದುಕೊಂಡರು: ಓಡಿಹೋದಳು. ಬಣ್ಣ ಬಳಿದ ಮುಖದ ಚಿತ್ರ: ಕಣ್ಣಿನ ಭಾಗವನ್ನು ಕೈಯಲ್ಲಿ ಮುಚ್ಚಿದರೆ ನೋಡುತ್ತಾಳೆ, ಕೈ ತೆಗೆದರೆ ತಿರುಗುತ್ತಾಳೆ.

ಕುಕ್ಕರಿನ ಸೀಟಿ, ಮಿಕ್ಸಿ, ತೋಟದ ಕಳೆ ಕತ್ತರಿಸುವ ಯಂತ್ರ ಇವಕ್ಕೆ ಕಿವಿ ಮುಚ್ಚುವ ಅಭ್ಯಾಸ ಇರಲಿಲ್ಲ. ಮಾತು, ಆಟ, ಕಣ್ಣಿಗೆ ಕಣ್ಣಿಟ್ಟು ನೋಡುವುದು ವಯಸ್ಸಿಗೆ ತಕ್ಕಂತಿತ್ತು. ಎಲ್ಲ ಸದ್ದಿಗೂ ಕಿವಿ ಮುಚ್ಚುವ, ಹೊಸ ಬಟ್ಟೆಯ ಸ್ಪರ್ಶಕ್ಕೂ ತಳಮಳಗೊಳ್ಳುವ, ಹೆಸರು ಕರೆದರೆ ತಿರುಗದ ಮಗುವಾದರೆ ದಾರಿ ಬೇರೆ. ಅಂಥ ಮಗುವನ್ನು ಮೊದಲು ಬೆಳವಣಿಗೆಯ ತಪಾಸಣೆಗೆ ಒಯ್ಯಬೇಕು. ಇನ್ನೊಂದನ್ನೂ ನೋಡಲೇಬೇಕು. ವೇಷವಿಲ್ಲದೆಯೂ ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ಮಗು ಹೆದರುತ್ತದೆಯೇ? ಹಾಗಿದ್ದರೆ ಅದನ್ನು ವೇಷದ ಭಯ ಎಂದು ತಳ್ಳಿಹಾಕಬಾರದು. ಮಗುವಿಗೆ ಯಾರಿಂದಲಾದರೂ ತೊಂದರೆಯಾಗಿರಬಹುದು ಎಂಬ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಪುಟ್ಟಿಯ ವಿಷಯದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಅಂದರೆ ಭಯದ ಬುಡ ಇದ್ದದ್ದು ಮುಖದಲ್ಲಿ. ಗೊತ್ತಿರುವ ಮುಖ ಕಾಣೆಯಾಗಿ ಆ ಜಾಗದಲ್ಲಿ ಬೇರೆಯದು ಬರುವುದರಲ್ಲಿ.

ಈ ವಯಸ್ಸಿನಲ್ಲಿ ಅದು ಯಾಕೆ ಇಷ್ಟು ದೊಡ್ಡದು ಎಂಬುದಕ್ಕೆ 1969ರಲ್ಲಿ ಪ್ರಕಟವಾದ ಮನೋವಿಜ್ಞಾನಿ ರೀಟಾ ಡಿವ್ರೀಸ್ ಅವರ ಅಧ್ಯಯನ ಒಳ್ಳೆಯ ಕನ್ನಡಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ಮೇನಾರ್ಡ್ ಎಂಬ ಸಾಧು ಬೆಕ್ಕನ್ನು ತೋರಿಸಿದರು. ಆಮೇಲೆ ಬೆಕ್ಕಿನ ಮುಂಭಾಗವನ್ನು ಮರೆಮಾಡಿ ಅದಕ್ಕೆ ನಾಯಿಯ ಮುಖವಾಡ ಹಾಕಿದರು. ಹಿಂಭಾಗ ಮಕ್ಕಳಿಗೆ ಕಾಣುತ್ತಲೇ ಇತ್ತು. ಆದರೂ ಚಿಕ್ಕ ಮಕ್ಕಳಲ್ಲಿ ಅನೇಕರು ಅದು ಈಗ ನಾಯಿಯೇ ಆಯಿತು ಎಂದುಕೊಂಡರು. ದೊಡ್ಡ ಮಕ್ಕಳಿಗೆ ಮಾತ್ರ ಮುಖವಾಡದ ಒಳಗೆ ಬೆಕ್ಕೇ ಇದೆ ಎಂಬುದು ತಿಳಿದಿತ್ತು. ಬಣ್ಣ ಹಚ್ಚಿದ ಚಿಕ್ಕಪ್ಪ ಚಿಕ್ಕಪ್ಪನೇ ಎಂಬುದು ನಮಗೆ ಹೇಳಬೇಕಾದ ಮಾತೇ ಅಲ್ಲ. ಪುಟ್ಟಿಗೆ ಅದು ಇನ್ನೂ ಕಲಿಯಬೇಕಾದ ಸಂಗತಿ.

ಅದಕ್ಕೇ ಈ ಪ್ರಕರಣದಲ್ಲಿ ಇಟ್ಟುಕೊಂಡ ಮುಖ್ಯ ನಿಯಮ ಇದು: ಮನುಷ್ಯನಿಂದ ವೇಷದ ಕಡೆಗೆ ಹೋಗುವ ದಾರಿಯನ್ನು ಮಗು ತನ್ನ ಕಣ್ಣೆದುರೇ, ನಡುವೆ ಎಲ್ಲೂ ಕಡಿಯದಂತೆ ನೋಡಬೇಕು. ಹೆಚ್ಚಿನ ಮನೆಗಳಲ್ಲಿ ಇದನ್ನು ತಿರುಗುಮುರುಗು ಮಾಡುತ್ತಾರೆ. ಮೊದಲು ವೇಷ ತೋರಿಸಿ ಹೆದರಿಸಿ, ಆಮೇಲೆ ಮುಖವಾಡ ಕಿತ್ತು "ನೋಡು, ಚಿಕ್ಕಪ್ಪನೇ ಅಲ್ವಾ" ಎನ್ನುತ್ತಾರೆ. ಆ ಹೊತ್ತಿಗೆ ಮಗು ಹೆದರಿ ಆಗಿರುತ್ತದೆ. ಮೇಲಾಗಿ ಅದು ಕಲಿಯುವುದು ವೇಷದೊಳಗೆ ಚಿಕ್ಕಪ್ಪ ಇದ್ದಾರೆ ಎಂದಲ್ಲ, ಚಿಕ್ಕಪ್ಪನೊಳಗೆ ವೇಷ ಇದೆ ಎಂದು.

ಹನ್ನೆರಡು ವಾರ

ವಾರಕ್ಕೆ ಐದು ದಿನ, ದಿನಕ್ಕೆ ಹತ್ತರಿಂದ ಹನ್ನೆರಡು ನಿಮಿಷ. ಹೊತ್ತು ಬೆಳಗ್ಗೆ ಒಂಬತ್ತು, ಇಲ್ಲವೇ ಮಧ್ಯಾಹ್ನದ ನಿದ್ದೆಯಾಗಿ ಹಾಲು ಕುಡಿದ ಮೇಲೆ. ಮುಸ್ಸಂಜೆಯ ನಂತರ ಬೇಡ. ಆಗ ಕಲಿತದ್ದಕ್ಕಿಂತ ಹೆದರಿದ್ದೇ ರಾತ್ರಿಗೆ ಉಳಿಯುತ್ತದೆ. ಜಾಗ ಮನೆಯ ಅಂಗಳ, ಯಾಕೆಂದರೆ ದೂರವನ್ನು ಅಳೆಯಬಹುದು. ಜಗಲಿಯ ಕಂಬದಿಂದ ಅಡಿಕೆ ಚಪ್ಪರದ ತುದಿಗೆ ಇಪ್ಪತ್ತೆರಡು ಹೆಜ್ಜೆ.

ಭಯವನ್ನು ಅಳೆಯುವುದು ಹೇಗೆ? ಒಂದರಿಂದ ಹತ್ತರವರೆಗಿನ ಅಂಕಿ ಈ ವಯಸ್ಸಿಗೆ ಅರ್ಥವಾಗದು. ಜಗಲಿಯ ಮೇಲೆ ಒಂದು ಪುಟ್ಟ ಲೋಟ, ಒಂದು ಚೊಂಬು, ಒಂದು ಬಿಂದಿಗೆ ಇಟ್ಟು, "ಹೆದ್ರಿಕೆ ಎಷ್ಟು ಇದೆ?" ಎಂದು ಕೇಳಿದರೆ ಪುಟ್ಟಿ ಬೆರಳು ತೋರಿಸುತ್ತಿದ್ದಳು. ಅದರ ಜೊತೆ ಅಮ್ಮ ಒಂದು ನೋಟುಪುಸ್ತಕದಲ್ಲಿ ನಾಲ್ಕೇ ವಿಷಯ ಬರೆದರು: ತಾರೀಕು, ಏನು ಮಾಡಿದ್ದು, ಎಷ್ಟು ಹೆಜ್ಜೆ ದೂರ, ಉಸಿರು ಸಮವಾಗಲು ಎಷ್ಟು ನಿಮಿಷ. ಬಾಯಲ್ಲಿ "ಲೋಟ" ಅನ್ನುತ್ತ ಅಮ್ಮನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದರೆ ಅದು ಲೋಟವಲ್ಲ, ಚೊಂಬು. ಮೈಯ ಮಾತನ್ನೇ ನಂಬಬೇಕು.

ಎರಡು ದಿನ ಒಂದೇ ಸಮನೆ ಲೋಟ ಬಂದರೆ ಮುಂದಿನ ಮೆಟ್ಟಿಲು. ಬಿಂದಿಗೆ ಬಂದರೆ ಅವತ್ತೇ ಒಂದು ಮೆಟ್ಟಿಲು ಕೆಳಗೆ. ಅಂಗೈ ಎತ್ತಿ ತೋರಿಸಿದರೆ ಚಿಕ್ಕಪ್ಪ ಇದ್ದಲ್ಲೇ ಕಲ್ಲಾಗಬೇಕು. ಈ ಅಂಗೈಯ ಅಧಿಕಾರ ಕೊಟ್ಟ ಮೊದಲ ದಿನ ಪುಟ್ಟಿ ಹದಿನಾಲ್ಕು ಸಲ ಅದನ್ನು ಪ್ರಯೋಗಿಸಿದಳು, ಸುಮ್ಮಸುಮ್ಮನೆ. ಅದೇ ಬೇಕಾಗಿದ್ದದ್ದು. ತಡೆಯಬಲ್ಲೆ ಎಂದು ಗೊತ್ತಾದ ಮೇಲೆ ತಡೆಯುವ ಅಗತ್ಯ ತಾನಾಗಿ ಕಡಿಮೆಯಾಗುತ್ತದೆ.

ಹೋಗಬೇಕು ಅಂದರೆ ಒಳಗೆ ಓಡಲು ಬಿಡುವುದಿಲ್ಲ, ಹಿಡಿದು ನಿಲ್ಲಿಸುವುದೂ ಇಲ್ಲ. "ಐದು ಹೆಜ್ಜೆ ಹಿಂದೆ ಹೋಗಣ" ಎಂದು ಕೈಹಿಡಿದು ಹಿಂದೆ ಸರಿದು, ಅಲ್ಲಿ ಉಸಿರು ಇಳಿಯುವವರೆಗೆ ಇದ್ದು, ಆಮೇಲೆ ಮುಗಿಸುವುದು. ಭಯ ಏರಿದಾಗ ಓಡಿದರೆ ಓಟವೇ ಮದ್ದಾಗುತ್ತದೆ. ನಿಂತಲ್ಲೇ ಭಯ ಇಳಿದದ್ದನ್ನು ಮೈ ಒಮ್ಮೆ ಕಂಡುಕೊಂಡರೆ ಮರೆಯುವುದಿಲ್ಲ.

ಮೊದಲ ವಾರ ವೇಷದ ಸುದ್ದಿಯೇ ಇಲ್ಲ. ಅಜ್ಜಿಯ ಬೆದರಿಕೆ ನಿಂತಿತು. ಸುತ್ತು ದಾರಿ ನಿಂತಿತು. ಬೈಕು ಗದ್ದೆಯ ಪಕ್ಕದಲ್ಲೇ ಹೋಗುತ್ತದೆ, ನಿಲ್ಲುವುದಿಲ್ಲ, ಅದರ ಬಗ್ಗೆ ಮಾತೂ ಇಲ್ಲ. "ಹೆದರ್ಬೇಡ" ಎಂಬ ಮಾತಿನ ಬದಲು "ಹೆದ್ರಿಕೆ ಆಗ್ತಾ ಇದೆ ಅಲ್ವಾ. ನಾನಿಲ್ಲೇ ಇದೀನಿ. ಇಲ್ಲಿಂದಲೇ ನೋಡಣ" ಎಂಬ ಮೂರು ವಾಕ್ಯವನ್ನು ಎಲ್ಲರೂ ರೂಢಿಮಾಡಿಕೊಂಡರು. ಅಂಗನವಾಡಿ ಕಾರ್ಯಕರ್ತೆಯ ಬಳಿ ಅಮ್ಮ ಮಾತಾಡಿ, ಛದ್ಮವೇಷದ ದಿನ ಪುಟ್ಟಿ ಬರೀ ಲಂಗ ರವಿಕೆಯಲ್ಲಿ ಬರುತ್ತಾಳೆ, ಮುಖವಾಡದ ಮಕ್ಕಳ ಪಕ್ಕ ಕೂರಿಸುವುದು ಬೇಡ ಎಂದು ಒಪ್ಪಿಸಿದರು.

ಎರಡನೇ ವಾರದಿಂದ ಬಣ್ಣ. ಶುರುವಾದದ್ದು ಬಟ್ಟೆಯ ಗೊಂಬೆಯ ಮುಖದಿಂದ. ಎರಡು ಚಮಚ ಅಕ್ಕಿಹಿಟ್ಟನ್ನು ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿದರೆ ಬಿಳಿ. ಅದಕ್ಕೇ ಅರಿಸಿನ ಸೇರಿಸಿದರೆ ಹಳದಿ. ಬೀಟ್‌ರೂಟ್ ತುರಿದು ಹಿಂಡಿದ ರಸ ಕೆಂಪು. ಮೇಳದವರ ಬಣ್ಣದ ಪೆಟ್ಟಿಗೆಯಿಂದ ಮಗುವಿಗೆ ಏನನ್ನೂ ಹಚ್ಚಬಾರದು. ಕೆಂಪಿಗೆ ಬಳಸುವ ಇಂಗಳೀಕದಲ್ಲಿ ಪಾದರಸವಿದೆ, ಚಿಟ್ಟಿಗೆ (ಮುಖದ ಮೇಲೆ ಸಾಲಾಗಿ ಇಡುವ ಉಬ್ಬಿದ ಬಿಳಿ ಚುಕ್ಕಿಗಳಿಗೆ) ಅಕ್ಕಿಹಿಟ್ಟಿನ ಜೊತೆ ಬೆರೆಸುವ ಸುಣ್ಣ ಎಳೆ ಚರ್ಮವನ್ನು ಸುಡುತ್ತದೆ. ಗೊಂಬೆಯಾಯಿತು, ಆಮೇಲೆ ಪುಟ್ಟಿಯ ಅಂಗೈ, ಆಮೇಲೆ ಅಮ್ಮನ ಕೆನ್ನೆಯ ಮೇಲೆ ಒಂದು ಬೊಟ್ಟು. ಬೊಟ್ಟಿಡುವುದು ಪುಟ್ಟಿಯೇ, ಕೊಬ್ಬರಿ ಎಣ್ಣೆಯಲ್ಲಿ ಒರೆಸಿ ತೆಗೆಯುವುದೂ ಪುಟ್ಟಿಯೇ. ಅಡಿಯಲ್ಲಿ ಅಮ್ಮನ ಕೆನ್ನೆ ಇದ್ದೇ ಇರುತ್ತದೆ. ಮೂರನೇ ವಾರದ ಕೊನೆಗೆ ಚಿಕ್ಕಪ್ಪನ ಹಣೆ, ಮೂಗು, ಒಂದು ಕೆನ್ನೆ. ಅರ್ಧ ಮುಖ ಬಣ್ಣ, ಅರ್ಧ ಮುಖ ಚಿಕ್ಕಪ್ಪ. ಈ ಅರ್ಧ ಮುಖದ ಹಂತದಲ್ಲಿ ಐದು ದಿನ ನಿಂತೆವು, ಆತುರ ಮಾಡಲಿಲ್ಲ. ಬಣ್ಣ ಹಚ್ಚುವಾಗ ಚಿಕ್ಕಪ್ಪ ಮಾತು ನಿಲ್ಲಿಸಕೂಡದು ಎಂಬುದು ಇಲ್ಲಿನ ಸಣ್ಣ ಆದರೆ ಮುಖ್ಯವಾದ ವಿವರ. ಮುಖ ಬದಲಾಗುತ್ತಿರುವಾಗ ದನಿ ಬದಲಾಗದೆ ಉಳಿದರೆ ಮಗುವಿಗೆ ಹಿಡಿದುಕೊಳ್ಳಲು ಒಂದು ಹಗ್ಗ ಸಿಕ್ಕ ಹಾಗೆ. ತೋಟದ ಸುದ್ದಿ, ದನದ ಸುದ್ದಿ, ಏನಾದರೂ ಸರಿ.

ತಿಂಡಿಯನ್ನು ಜೊತೆಗಿಡುವ ಉಪಾಯ ಹಳೆಯದು. 1924ರಲ್ಲಿ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಬರೆದ ಪೀಟರ್ ಎಂಬ ಮಗುವಿನ ಪ್ರಕರಣದಲ್ಲಿ, ಎರಡು ವರ್ಷ ಹತ್ತು ತಿಂಗಳ ಆ ಹುಡುಗನಿಗೆ ಮೊಲವೆಂದರೆ ಭಯ. ಆ ಭಯ ತುಪ್ಪಳದ ಕೋಟು, ಹತ್ತಿಯವರೆಗೂ ಹಬ್ಬಿತ್ತು, ಪುಟ್ಟಿಗೆ ವೇಷದಿಂದ ಕಂಬಳಿಕೊಪ್ಪೆಗೆ ಹಬ್ಬಿದ ಹಾಗೆಯೇ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದರು. ಇಲ್ಲಿ ತಿಂಡಿ ತೊಡದೇವು (ಕಾಗದದಷ್ಟು ತೆಳುವಾದ ಮಲೆನಾಡಿನ ಸಿಹಿ), ದಿನಕ್ಕೆ ಅರ್ಧ, ಈ ಹತ್ತು ನಿಮಿಷಕ್ಕೆ ಮಾತ್ರ. ಆದರೆ ಎಚ್ಚರ ಬೇಕು. ಭಯ ತಿಂಡಿಗಿಂತ ದೊಡ್ಡದಾದರೆ ಲೆಕ್ಕ ತಲೆಕೆಳಗಾಗಿ ತಿಂಡಿಯನ್ನು ಕಂಡರೂ ಮಗು ಹಿಂಜರಿಯುತ್ತದೆ. ಅಗಿಯುವುದು ನಿಂತರೆ ಹತ್ತಿರ ಬಂದದ್ದು ಹೆಚ್ಚಾಯಿತು ಎಂದೇ ಅರ್ಥ. "ಮುಟ್ಟಿದ್ರೆ ತೊಡದೇವು ಕೊಡ್ತೀನಿ" ಎಂಬ ವ್ಯಾಪಾರವೂ ಬೇಡ.

ಏಪ್ರಿಲ್ ರಜೆಗೆ ಅತ್ತೆ ಮಗ ಬಂದ. ಹೆದರದ ಮಗುವನ್ನು ನೋಡಿ ಹೆದರುವ ಮಗು ಕಲಿಯುತ್ತದೆ ಎಂಬುದನ್ನು 1967ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ನಾಯಿಗೆ ಹೆದರುವ ಮಕ್ಕಳಲ್ಲಿ ತೋರಿಸಿದ್ದಾರೆ. ಮೊದಲ ದಿನ ಮಾತ್ರ ಎಲ್ಲ ಕೆಟ್ಟಿತು. ಹುಡುಗ "ಹೆದ್ರುಪುಕ್ಲಿ" ಎಂದು ಕುಣಿದ. ಅವನನ್ನು ಬೈಯುವ ಬದಲು ಬಣ್ಣದ ಬಟ್ಟಲು ಹಿಡಿಯುವ ಕೆಲಸ ಕೊಟ್ಟರು. ಜವಾಬ್ದಾರಿ ಬಂದ ಮೇಲೆ ಹಾಸ್ಯ ನಿಂತಿತು. ಅವನು ಚಿಕ್ಕಪ್ಪನ ಮುಖಕ್ಕೆ ಕೆಂಪು ಬಳಿಯುವುದನ್ನು ಪುಟ್ಟಿ ಆರು ಹೆಜ್ಜೆ ದೂರದಿಂದ ನೋಡುತ್ತ ನಿಂತಳು, ನಾಲ್ಕನೇ ದಿನ ತಾನೇ ಬಟ್ಟಲು ಕೇಳಿದಳು.

ಐದನೇ ವಾರದಲ್ಲಿ ಕೆಟ್ಟದ್ದು

ಇಲ್ಲಿ ಒಂದು ತಪ್ಪಾಯಿತು. ಪೂರ್ತಿ ಬಣ್ಣ ಹಚ್ಚಿಕೊಂಡ ಮುಖ ಲೋಟದ ಮಟ್ಟಕ್ಕೆ ಬಂದಿತ್ತು. ಚಿಕ್ಕಪ್ಪನಿಗೆ ಉತ್ಸಾಹ. ಕಿರೀಟ ಕಟ್ಟಿಕೊಳ್ಳಲು ಕನ್ನಡಿ ಬೇಕೆಂದು ಒಳಗೆ ಹೋಗಿ, ಐದು ನಿಮಿಷ ಬಿಟ್ಟು ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲ ಕಟ್ಟಿಕೊಂಡು ಹೆಬ್ಬಾಗಿಲಿನಿಂದ ಹೊರಬಂದರು. ಅಬ್ಬರಿಸಲಿಲ್ಲ, ಕುಣಿಯಲಿಲ್ಲ, ಮೆಲ್ಲಗೇ ಬಂದರು. ಪುಟ್ಟಿ ಕಿರುಚಿ ಕೊಟ್ಟಿಗೆಯ ಕಡೆ ಓಡಿದಳು. ಅದರ ಮುಂದಿನ ಮೂರು ದಿನ ಪಂಚೆ ಬನಿಯನ್ನಿನ ಚಿಕ್ಕಪ್ಪನ ಹತ್ತಿರವೂ ಹೋಗಲಿಲ್ಲ.

ಆ ಐದು ನಿಮಿಷದ ಮರೆಯೇ ಎಲ್ಲವನ್ನೂ ಕೆಡಿಸಿತು. ಬೆಕ್ಕಿನ ಮುಖವನ್ನು ಮರೆಮಾಡಿ ಮುಖವಾಡ ಹಾಕಿದ್ದೂ ಇದೂ ಒಂದೇ. ಒಳಗೆ ಹೋದದ್ದು ಚಿಕ್ಕಪ್ಪ, ಹೊರಗೆ ಬಂದದ್ದು ಇನ್ಯಾರೋ. ನಡುವಿನದನ್ನು ಮಗು ನೋಡಿಲ್ಲ. ಜೊತೆಗೆ ಒಂದೇ ಸಲಕ್ಕೆ ಮೂರು ಆಭರಣ ಸೇರಿದವು.

ಸರಿಪಡಿಸಿದ್ದು ಹೀಗೆ. ಮೂರು ದಿನ ಏನೂ ಇಲ್ಲ. ಚಿಕ್ಕಪ್ಪ ದಿನಾ ಮಾಡುತ್ತಿದ್ದ ಕೆಲಸ ಮಾಡುತ್ತ ಕಣ್ಣಿಗೆ ಬೀಳುತ್ತಿದ್ದರು, ತಾವಾಗಿ ಮಾತಿಗೆಳೆಯಲಿಲ್ಲ. ನಾಲ್ಕನೆಯ ದಿನ ಪುಟ್ಟಿಯೇ ಕರು ತೋರಿಸು ಎಂದು ಬಂದಳು. ಆಮೇಲೆ ಅರ್ಧ ಮುಖದ ಹಂತಕ್ಕೆ ಹಿಂತಿರುಗಿದೆವು. ಕನ್ನಡಿಯನ್ನು ಜಗಲಿಗೇ ತಂದಿಟ್ಟರು. ಒಂದು ದಿನಕ್ಕೆ ಒಂದೇ ಆಭರಣ, ಅದನ್ನು ಮೊದಲು ಪುಟ್ಟಿ ಮುಟ್ಟಿ ನೋಡಬೇಕು, ಅವಳ ಎದುರೇ ಕಟ್ಟಬೇಕು, ಅವಳ ಎದುರೇ ಬಿಚ್ಚಬೇಕು. ಕಿರೀಟದ ದಾರದ ತುದಿಯನ್ನು ಎಳೆದು ಬಿಚ್ಚುವ ಕೆಲಸ ಅವಳದ್ದು. ಹೀಗೆ ಎರಡು ವಾರ ಹೋಯಿತು. ಕಳೆದುಕೊಂಡದ್ದು ಒಂದು ಗಳಿಗೆಯಲ್ಲಿ, ಮರಳಿ ಪಡೆಯಲು ಹದಿನೇಳು ದಿನ.

ಒಂಬತ್ತನೇ ವಾರಕ್ಕೆ ಪೂರ್ತಿ ವೇಷದ ಚಿಕ್ಕಪ್ಪ ಹನ್ನೆರಡು ಹೆಜ್ಜೆ ದೂರದಲ್ಲಿ ಕೂತು ಮಾತಾಡುತ್ತಾರೆ, ಪುಟ್ಟಿ ಜಗಲಿಯಲ್ಲಿ ತೊಡದೇವು ತಿನ್ನುತ್ತಾಳೆ. ನಿಂತದ್ದು, ನಡೆದದ್ದು, ಬೆನ್ನು ತಿರುಗಿಸಿ ಕುಣಿದದ್ದು, ಕೊನೆಗೆ ಮುಖ ತೋರಿಸಿ ಕುಣಿದದ್ದು, ಈ ಕ್ರಮದಲ್ಲಿ ಸೇರಿದವು. ಚೆಂಡೆಯನ್ನು ಬೇರೆಯಾಗಿಯೇ ಬೆಳೆಸಿ, ಮೊದಲು ಅವಳೇ ಕೋಲಿನಿಂದ ಬಾರಿಸಿದ ಮೇಲೆ, ಕೊನೆಯ ವಾರದಲ್ಲಷ್ಟೇ ವೇಷದ ಜೊತೆ ಕೂಡಿಸಲಾಯಿತು.

ಜೂನ್ ಮೊದಲ ವಾರದ ಟಿಪ್ಪಣಿ: ವೇಷ ಮೂರು ಹೆಜ್ಜೆ, ಲೋಟ, ಉಸಿರು ಸಮವಾಗಲು ಅರ್ಧ ನಿಮಿಷ.

ಮಳೆಗಾಲ

ಮೇಳಗಳ ತಿರುಗಾಟ ಮೇ ಕೊನೆಗೆ ನಿಲ್ಲುತ್ತದೆ. ಆರು ತಿಂಗಳು ವೇಷವೇ ಕಾಣದಿದ್ದರೆ ಕಲಿತದ್ದು ಮಾಸಬಹುದು. ಅದಕ್ಕೆ ಮಲೆನಾಡಿನಲ್ಲಿ ಸಿದ್ಧವಾಗಿರುವ ಉಪಾಯ ತಾಳಮದ್ದಳೆ. ಅದೇ ಭಾಗವತರ ಪದ, ಅದೇ ಮದ್ದಳೆ ಚೆಂಡೆ, ಅದೇ ರಾಕ್ಷಸನ ಮಾತು, ಆದರೆ ಪಾತ್ರದ ಮಾತಾಡುವ ಅರ್ಥಧಾರಿ ಶಲ್ಯ ಹೊದ್ದು ಬರಿಮುಖದಲ್ಲಿ ಕೂತಿರುತ್ತಾರೆ. ರಕ್ಕಸನ ಅಬ್ಬರ ಮನುಷ್ಯನ ಗಂಟಲಿನಿಂದಲೇ ಹೊರಡುವುದನ್ನು ಪುಟ್ಟಿ ಎರಡು ಸಲ, ತಲಾ ಅರ್ಧ ಗಂಟೆ, ಬಾಗಿಲ ಹತ್ತಿರ ಕೂತು ನೋಡಿದಳು. ಬೇರೆಲ್ಲೂ ಇಷ್ಟು ಸೊಗಸಾದ ನಡುಮೆಟ್ಟಿಲು ಸಿಗುವುದು ಕಷ್ಟ.

ಮಳೆಗೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವವರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಂದರು. ಅವರ ಜೊತೆಗೂ ಅದೇ ಕ್ರಮ: ಬಂದ ಕೂಡಲೇ ಬರಿಮುಖದಲ್ಲಿ ಮಾತಾಡಿಸುವುದು, ಬಟ್ಟೆ ಸುತ್ತಿಕೊಳ್ಳುವುದನ್ನು ಜಗಲಿಯಿಂದ ನೋಡುವುದು. ಆಮೇಲೆ ಮಗು ಮನೆಯೊಳಗೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕದಡುವ ಜಾಗದಲ್ಲಿ ಮಗುವಿಗೆ ಕೆಲಸವಿಲ್ಲ, ಧೈರ್ಯ ಎಷ್ಟೇ ಬಂದಿದ್ದರೂ.

ರಾತ್ರಿಯ ಏಳಾಟ ಜುಲೈ ಹೊತ್ತಿಗೆ ವಾರಕ್ಕೆ ಒಂದಕ್ಕೆ ಇಳಿಯಿತು. ಅದು ಕೆಟ್ಟ ಕನಸೇ ಎಂಬುದು ಗೊತ್ತಾದದ್ದು ಅವಳು ಪೂರ್ತಿ ಎಚ್ಚರವಾಗಿ, ಕಂಡದ್ದನ್ನು ಹೇಳುತ್ತಿದ್ದುದರಿಂದ. ಮಲಗಿದ ಮೊದಲ ಕೆಲವು ಗಂಟೆಯಲ್ಲಿ ಕಣ್ಣು ತೆರೆದೇ ಕಿರುಚಿ, ಕರೆದರೂ ಗುರುತಿಸದೆ, ಬೆಳಗ್ಗೆ ಏನೂ ನೆನಪಿಲ್ಲದಿದ್ದರೆ ಅದು ಬೇರೆ. ಅಂಥ ಮಗುವನ್ನು ಅಲುಗಾಡಿಸಿ ಎಬ್ಬಿಸಬಾರದು, ಬೀಳದಂತೆ ನೋಡಿಕೊಂಡರೆ ಸಾಕು.

ಪೇಟೆಯ ಬೊಂಬೆವೇಷ

ಇದು ಚಿಕ್ಕಪ್ಪನ ವೇಷಕ್ಕಿಂತ ಕಷ್ಟ, ಕಾರಣ ನೇರವಾಗಿದೆ. ಒಳಗಿರುವವರು ಅಪರಿಚಿತರು, ಮಾತಾಡುವುದಿಲ್ಲ, ಹಾಕಿಕೊಳ್ಳುವುದನ್ನು ನೋಡಲು ಸಿಗುವುದಿಲ್ಲ, ಮುಖದ ನಗು ಅಲುಗುವುದಿಲ್ಲ. ಅವರಿಗೆ ಹೊರಗಿನದು ಕಾಣುವುದು ಸಾಮಾನ್ಯವಾಗಿ ಬೊಂಬೆಯ ಬಾಯಿಯ ಜಾಲರಿಯಿಂದ. ಕಾಲ ಬಳಿ ಇರುವ ಪುಟ್ಟ ಮಗು ಅಳುತ್ತಿರುವುದು ಕಾಣದೇ ಹೋಗಬಹುದು. ಹಾಗಾಗಿ ದೊಡ್ಡವರೇ ಮಗುವಿನ ಮುಂದೆ ನಿಂತು ಅಂಗೈ ಎತ್ತಿ "ದೂರದಿಂದಲೇ ಕೈ ಬೀಸಿ ಸಾಕು" ಎಂದು ಗಟ್ಟಿಯಾಗಿ ಹೇಳಬೇಕು. ಮಗು ನೆಲದ ಮೇಲೆ ನಿಂತಿರಲಿ, ಅಥವಾ ವೇಷಕ್ಕೆ ಬೆನ್ನಾಗುವಂತೆ ಹೆಗಲ ಮೇಲಿರಲಿ. ಫೋಟೊ ಬೇಡ.

ದಸರಾ ಹೊತ್ತಿಗೆ ಶಿವಮೊಗ್ಗಕ್ಕೆ ಹೋದಾಗ ಪುಟ್ಟಿ ರಸ್ತೆಯ ಆಚೆ ಬದಿಯಿಂದ ಕರಡಿಗೆ ಕೈ ಬೀಸಿದಳು, ದಾಟಿ ಹೋಗಲು ಒಪ್ಪಲಿಲ್ಲ. ಅಪ್ಪ ಒತ್ತಾಯಿಸಲಿಲ್ಲ. ಅಪರಿಚಿತರ ಬಳಿ ಹೋಗಲು ಹಿಂಜರಿಯುವುದು ನಾಲ್ಕು ವರ್ಷದ ಮಗುವಿನಲ್ಲಿ ಕಾಪಾಡಿಕೊಳ್ಳಬೇಕಾದ ಗುಣ. ಅದನ್ನು ಭಯದ ಲೆಕ್ಕಕ್ಕೆ ಸೇರಿಸಿ ಕಿತ್ತುಹಾಕಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮತ್ತೆ ಹರಕೆ ಆಟ

ಮರುವರ್ಷದ ಜನವರಿ, ಅದೇ ಗದ್ದೆ. ಈ ಸಲ ಕಾಲಮಿತಿಯ ಆಟ, ಮಧ್ಯರಾತ್ರಿಯ ಸುಮಾರಿಗೆ ಮುಗಿಯುವಂಥದ್ದು. ಚಿಕ್ಕಪ್ಪ ಮೊದಲೇ ಮೇಳದವರಲ್ಲಿ ಕೇಳಿ ಎರಡು ವಿಷಯ ತಿಳಿದುಕೊಂಡಿದ್ದರು: ಬಣ್ಣದ ವೇಷ ಎಷ್ಟು ಹೊತ್ತಿಗೆ, ಯಾವ ಕಡೆಯಿಂದ. ಮನೆಯವರು ಕೂತದ್ದು ಆ ದಾರಿಯಿಂದ ದೂರ, ಚೆಂಡೆ ಇರುವ ಬದಿಯನ್ನೂ ಬಿಟ್ಟು, ಅಂಚಿನಲ್ಲಿ, ಎದ್ದು ಹೋಗಲು ಸುಲಭವಾಗುವಂತೆ. ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿಸಿದ್ದರು. ಆಟದಲ್ಲಿ ನಿದ್ದೆ ಹೋದರೆ ಪ್ರವೇಶಕ್ಕೆ ಹತ್ತು ನಿಮಿಷ ಮುಂಚೆ ಮೆಲ್ಲಗೆ ಎಬ್ಬಿಸುವುದು, ಇಲ್ಲವೇ ಮನೆಗೆ ಒಯ್ಯುವುದು ಎಂದು ತೀರ್ಮಾನವಾಗಿತ್ತು; ನಿದ್ದೆಯಿಂದ ನೇರ ಬಣ್ಣದ ವೇಷಕ್ಕೆ ಕಣ್ಣು ತೆರೆಯುವುದು ಮಾತ್ರ ಮತ್ತೆ ಆಗಕೂಡದು.

ಸಂಜೆ ಏಳಕ್ಕೆ ಚೌಕಿಗೆ, ಅಂದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ, ಕರೆದೊಯ್ದರು. ಚಪ್ಪಲಿ ಹೊರಗೆ ಬಿಟ್ಟು, ಗಣಪತಿಗೆ ಕೈಮುಗಿದು, ಅಪ್ಪಣೆ ಕೇಳಿ ಮೂಲೆಯಲ್ಲಿ ಕೂತರು. ಬಣ್ಣದ ವೇಷದ ಮುಖವರ್ಣಿಕೆ ಗಂಟೆಗಟ್ಟಲೆಯ ಕೆಲಸ, ಆದ್ದರಿಂದ ಒಂದೇ ಸಲ ಕೂರದೆ ಎರಡು ಸಲ ಹೋದರು: ಬರಿಮುಖ ಇದ್ದಾಗ ಹದಿನೈದು ನಿಮಿಷ, ಚಿಟ್ಟಿಯ ಸಾಲು ಅರ್ಧ ಮೂಡಿದಾಗ ಹತ್ತು ನಿಮಿಷ. ಚಿಟ್ಟಿ ಇಡುತ್ತಿರುವಾಗ ಕಲಾವಿದರು ಮುಖ ಅಲುಗಿಸುವಂತಿಲ್ಲ, ಮಾತೂ ಆಡುವಂತಿಲ್ಲ. ಅದನ್ನು ಪುಟ್ಟಿಗೆ ಮುಂಚೆಯೇ ಹೇಳಿಟ್ಟಿದ್ದರಿಂದ ಆ ಮೌನ ಅವಳನ್ನು ಹೆದರಿಸಲಿಲ್ಲ. ಅವಳು ಕೇಳಿದ್ದು ಇಷ್ಟೇ: "ಇವ್ರಿಗೆ ಎಣ್ಣೆ ಯಾರು ಒರೆಸ್ತಾರೆ?"

ಪ್ರವೇಶದ ಹೊತ್ತಿಗೆ ಪುಟ್ಟಿ ಎಚ್ಚರವಿದ್ದಳು. ರಾಳದ ಬೆಂಕಿ ಎದ್ದಾಗ ಅಮ್ಮನ ಎದೆಗೆ ಮುಖ ಒತ್ತಿದಳು, ಕಿವಿ ಮುಚ್ಚಿಕೊಂಡಳು. ಅಮ್ಮ ಆ ಮೂರು ವಾಕ್ಯ ಹೇಳಿದರು. ಒಂದು ನಿಮಿಷದ ಮೇಲೆ ಒಂದು ಕಣ್ಣು ಹೊರಗೆ ಬಂತು. ಇನ್ನೂ ಇಪ್ಪತ್ತು ನಿಮಿಷ ನೋಡಿ, ಸಾಕು ಎಂದಳು. ಎದ್ದು ಮನೆಗೆ ಬಂದರು. ಅವತ್ತು ರಾತ್ರಿ ಏಳಲಿಲ್ಲ. ಮಾರನೇ ರಾತ್ರಿ ಒಮ್ಮೆ ಎದ್ದು ನೀರು ಕುಡಿದು ಮಲಗಿದಳು.

ಈ ಮನೆಯಲ್ಲಿ ಕೆಲಸ ಮನೆಯವರಿಂದಲೇ ಆಯಿತು. ಭಯ ಆರು ತಿಂಗಳು ದಾಟಿ ಹಾಗೇ ಉಳಿದಿದ್ದರೆ, ಊಟ ನಿದ್ದೆ ಅಂಗನವಾಡಿ ಕೆಡುತ್ತಲೇ ಇದ್ದಿದ್ದರೆ, ಅಥವಾ ಬಂದ ಮಾತು ಹಿಂದೆ ಸರಿದಿದ್ದರೆ ಮಕ್ಕಳ ತಜ್ಞರನ್ನೋ ಮನೋವೈದ್ಯರನ್ನೋ ಕಾಣಲೇಬೇಕಿತ್ತು. ಜಿಲ್ಲಾ ಕೇಂದ್ರಕ್ಕೆ ಹೋಗಲು ತಡವಾಗುವುದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು, ಹಗಲು ರಾತ್ರಿ ಯಾವಾಗಲಾದರೂ.

ಬೆರ್ಚಪ್ಪ ಮತ್ತೆ ತರಕಾರಿ ಹಿತ್ತಲಿಗೆ ಬಂದಿದ್ದಾನೆ. ಈ ಸಲ ಅವನ ಮಡಕೆ ಮುಖಕ್ಕೆ ಸುಣ್ಣದ ಬೊಟ್ಟನ್ನು ಅಜ್ಜಯ್ಯ ಇಟ್ಟರು, ಯಾವ ಬೊಟ್ಟು ಎಲ್ಲಿ ಎಂದು ತೋರಿಸಿದ್ದು ಪುಟ್ಟಿ.